ಚಿಲಕವಿಲ್ಲದ ಬಾಗಿಲು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಾನೂ ಒಂದು ಕಾಲಕ್ಕೆ ಇಂಥದ್ದನ್ನು ಹೇಳುವವರ ಮುಖಕ್ಕೇ ನಗುತ್ತಿದ್ದವನು. ಸುಡುಗಾಡಿನ ಪಕ್ಕ ಡೇರೆ ಹಾಕಿ ಮಲಗಿದವನು, ಅಮಾವಾಸ್ಯೆಯ ದಿನ ಹುಣಸೆಮರದ ಕೆಳಗೆ ಕೋಳಿ ಕೊಯ್ದು ಉಂಡವನು. ದೆವ್ವ ಅಂದರೆ ಬಂದು ಮುಂದೆ ನಿಲ್ಲಲಿ, ಹಾರೆಯಿಂದ ಮಾತಾಡಿಸುತ್ತೇನೆ ಎನ್ನುತ್ತಿದ್ದೆ. ಅಂಥವನ ಕಿವಿಗೆ ಬಿದ್ದದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ... ಕಡಿಮೆ ಬೇಕಾದರೆ ಇದ್ದೀತು, ಏಕೆಂದರೆ ಕೆಲವನ್ನು ಬರೆಯಲು ನನ್ನ ಹೆಂಡತಿ ನಾಗಮ್ಮ ಬಿಡುವುದಿಲ್ಲ.

ಊರಿನ ಹೆಸರು ಹಾಕುವುದಿಲ್ಲ. ಆ ಊರಿನವರು ಈಗಲೂ ನನಗೆ ಬೇಕಾದವರು. ಶಹಾಪುರದಿಂದ ಸುರಪುರದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು.

ಆಗ ಕೃಷ್ಣೆಯ ನೀರು ತರಲು ಕಾಲುವೆ ಅಗೆಯುತ್ತಿದ್ದರು. ನಾನು ದೇವಾಪುರದವನು, ಕಾಲುವೆ ಕೆಲಸದಲ್ಲಿ ಮೇಸ್ತ್ರಿ. ಕಲ್ಲು ಒಡೆಯುವವರು, ಮಣ್ಣು ಹೊರುವವರು ಎಲ್ಲೆಲ್ಲಿಂದಲೋ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ಊರ ಹೊರಗೆ ತಗಡಿನ ಶೆಡ್ಡುಗಳಲ್ಲಿ ಇದ್ದರು. ಅದರಲ್ಲೇ ಒಂದು ಶೆಡ್ಡು ನನ್ನದು. ನಾಗಮ್ಮನನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಿಸಿಲಿಗೆ ತಗಡು ಕಾದು ಒಳಗೆ ಕಾಲಿಡಲಾಗುತ್ತಿರಲಿಲ್ಲ, ಆದರೂ ಅವಳು ಗೊಣಗಿದವಳಲ್ಲ. ನಾನು ಸಿಡುಕ, ಅವಳು ಸಮಾಧಾನಿ. ಅವಳಿದ್ದದ್ದಕ್ಕೇ ಆ ಬಿಸಿಲಲ್ಲಿ ನಾಲ್ಕು ಮಂದಿಯ ತಲೆ ಒಡೆಯದೆ ಉಳಿದಿದ್ದೆ.

ಬೇಸಿಗೆಯ ನಡುವೆ ಒಂದು ಅಡ್ಡ ಮಳೆ ಹೊಡೆಯಿತು. ಅಗೆದ ಕಾಲುವೆಯ ಗುಂಡಿಗಳಲ್ಲಿ ನೀರು ನಿಂತಿತು. ಕೂಲಿ ಮಂದಿ ಅದೇ ನೀರಿನಲ್ಲಿ ಬಟ್ಟೆ ಒಗೆದರು, ಅದನ್ನೇ ಕುಡಿದರು. ನಾಲ್ಕು ದಿನಕ್ಕೆ ಶೆಡ್ಡುಗಳಲ್ಲಿ ವಾಂತಿ-ಭೇದಿ ಹತ್ತಿತು. ಬೆಳಿಗ್ಗೆ ಬುಟ್ಟಿ ಹೊತ್ತವನು ಸಂಜೆಗೆ ಹೆಣ. ಕಣ್ಣು ಗುಳಿ ಬಿದ್ದು, ಬೆರಳ ತುದಿ ಸುಕ್ಕಾಗಿ, ಮಾತು ನಿಂತು ಹೋಗುತ್ತಿದ್ದರು.

ಮೂರನೆಯ ಹೆಣ ಹೂತು ಬಂದ ದಿನ ನಾಗಮ್ಮ ಅಂಗಳದಲ್ಲಿ ಕೂತು ಕಾರಿಕೊಳ್ಳುತ್ತಿದ್ದಳು.

ಭೀಮರಾಯನಗುಡಿಯಿಂದ ಜೀಪಿನಲ್ಲಿ ಡಾಕ್ಟರು ಬಂದರು. ಎಲ್ಲರನ್ನೂ ಒಂದೇ ಕಡೆ ನೆರಳಿಗೆ ತನ್ನಿ ಎಂದರು. ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಶಾಲೆಗೆ ಬೀಗ ಜಡಿದರು. ಆಗ ಒಬ್ಬ ಮುದುಕ ನನ್ನ ಹತ್ತಿರ ಬಂದು, "ತಮ್ಮಾ, ಗಿರ್ಜಾದಾಗ ತಂದ ಮಲಗಸ್ರಿ" ಎಂದ. ಅವನು ದೇವದಾನಪ್ಪ, ಅಲ್ಲಿನ ಉಪದೇಶಿ. ಎಲ್ಲರಂತೆ ನಾನೂ ಅವನನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದೆ.

ಗಿರ್ಜಾ ಅಂದರೆ ಅಲ್ಲಿನ ಚರ್ಚು, ನಿಜಾಮರ ಕಾಲದ್ದು. ಕರಿಕಲ್ಲಿನ ಗೋಡೆ, ಮೇಲೆ ಹಾಸುಗಲ್ಲು, ಎರಡೇ ಕಿಟಕಿ. ಒಳಗೆ ಸುಣ್ಣದ ವಾಸನೆ, ಬಾವಲಿ ವಾಸನೆ. ಬಿಳಿಯ ಪಾದ್ರಿಗಳು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ನಾಲ್ಕೈದು ಮನೆಯವರು ಭಾನುವಾರ ಬಂದು ಹಾಡಿ ಹೋಗುತ್ತಿದ್ದರು. ಎದುರಿಗೆ ಬಯಲು, ಬಯಲಿನಾಚೆ ಊರ ಬಾವಿ.

ನಾಗಮ್ಮನನ್ನು ತೋಳಲ್ಲಿ ಎತ್ತಿಕೊಂಡು ಹೊಸ್ತಿಲು ದಾಟುವಾಗ ಬಾಗಿಲು ನೋಡಿದೆ. ಬಲವಾದ ಸಾಗವಾನಿ ಬಾಗಿಲು, ಚಿಲಕವಿಲ್ಲ. ಚಿಲಕವಿದ್ದ ಕಡೆ ತೂತುಗಳಿಗೆ ಕಟ್ಟಿಗೆಯ ಬೆಣೆ ಬಡಿದಿದ್ದರು. ಒಳಗಡೆಯಿಂದಲೂ ಇಲ್ಲ, ಹೊರಗಡೆಯಿಂದಲೂ ಇಲ್ಲ.

"ಮುತ್ಯಾ, ಚಿಲಕ ಎಲ್ಲಿ ಹೋತು?"

"ಆಮ್ಯಾಲ ಹೇಳ್ತೀನಿ, ಮೊದಲ ಆಕೀನ ಮಲಗಸು."

ಹತ್ತು ಹನ್ನೆರಡು ಮಂದಿ ನೆಲದ ಮೇಲೆ ಸಾಲಾಗಿ ಮಲಗಿದರು. ಡಾಕ್ಟರು ಇದ್ದಷ್ಟು ಸಲಾಯಿನ್ ಬಾಟಲಿ ಏರಿಸಿದರು. ಅವು ಸಾಲಲಿಲ್ಲ. ಹೋಗುವಾಗ ನನ್ನ ಭುಜ ಹಿಡಿದು ಹೇಳಿದರು: "ಬೆಳಿಗ್ಗೆ ಬಾಟಲಿ ತೊಗೊಂಡು ಬರ್ತೀನಿ. ಅಲ್ಲೀತನಕ ಉಪ್ಪು-ಸಕ್ಕರಿ ನೀರು ಗುಟುಕು ಗುಟುಕು ಕುಡಿಸ್ತಾನೇ ಇರ್ರಿ. ನೀರು ನಿಂತ್ರ ಜೀವ ನಿಂತಂಗ." ಆ ಮಾತು ನನ್ನ ಎದೆಯಲ್ಲಿ ಮೊಳೆ ಬಡಿದ ಹಾಗೆ ಕೂತಿತು. ನಾಗಮ್ಮ ಬೆಳಗಿನವರೆಗೆ ಉಳಿಯಬೇಕೆಂದರೆ ನೀರು ಬೇಕು. ನನಗೆ ಬೇರೆ ಯಾವುದೂ ಗೊತ್ತಿರಲಿಲ್ಲ.

ಡಾಕ್ಟರು ಇನ್ನೊಂದು ಕೆಲಸ ಮಾಡಿಸಿದ್ದರು. ಜೀಪಿನ ಹುಡುಗರು ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಬಾವಿ ತೋರಿಸಿದವನು ದೇವದಾನಪ್ಪ. ನೀರಿಗೆ ಮೂಗು ಸುಡುವ ವಾಸನೆ ಹತ್ತಿತು. ತಿಪ್ಪಣ್ಣನೆಂಬ ಒಕ್ಕಲಿಗನ ಎಳೆಯ ಮಗಳಿಗೆ ಬೆಳಿಗ್ಗೆಯಿಂದಲೇ ಭೇದಿಯಾಗುತ್ತಿತ್ತು, ಮನೆಯವರು ಯಾರಿಗೂ ಹೇಳಿರಲಿಲ್ಲ. ಆ ಮಗು ಮಧ್ಯಾಹ್ನ ಆ ನೀರು ಕುಡಿಯಿತು, ಹೊತ್ತು ಇಳಿಯುವಾಗ ಸತ್ತಿತು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸಂಜೆಗೆ ಗಡಿ ಕಟ್ಟಿದರು. ದೊಡ್ಡ ಬೇನೆ ಬಂದಾಗ ಆ ಕಡೆ ಹಾಗೆ ಮಾಡುತ್ತಾರೆ. ಊರ ಸುತ್ತ ಹಗ್ಗ ಎಳೆದು ಬೇವಿನ ತೊಪ್ಪಲು ಕಟ್ಟುತ್ತಾರೆ. ಹೊತ್ತು ಮುಳುಗಿದ ಮೇಲೆ ಹೊರಗಿನವರು ಒಳಗೆ ಬರಬಾರದು, ಬಾವಿಗೆ ಯಾರೂ ಕೊಡ ಇಳಿಸಬಾರದು. ಇಳಿಸಿದವನು ಬೇನೆಯನ್ನೇ ಕೊಡದಲ್ಲಿ ಹೊತ್ತು ಊರೊಳಗೆ ತಂದಂತೆ. ಅಂಥವನನ್ನು ಬಡಿದರೆ ಪಾಪವಿಲ್ಲ ಎನ್ನುತ್ತಾರೆ.

ನಮ್ಮ ಬಾಗಿಲ ಹೊರಗೆ ನೀರು ತುಂಬಿದ ಒಂದು ಡ್ರಮ್ಮಿತ್ತು. ಕತ್ತಲಾಗುವ ಮೊದಲೇ ಗುಂಪು ಬಂದು ಅದಕ್ಕೆ ಕೊಡಲಿ ಹಾಕಿತು. ನೀರೆಲ್ಲ ಬಯಲಿಗೆ ಹರಿಯಿತು. ನಾನು ಹಾರೆ ಹಿಡಿದು ನುಗ್ಗಿದೆ. ಇಬ್ಬರು ನನ್ನನ್ನು ಕೆಡವಿ ಮುಖಕ್ಕೆ ಒದ್ದರು, ಒಂದು ಹಲ್ಲು ಅಲ್ಲೇ ಬಿತ್ತು. ತಿಪ್ಪಣ್ಣ ದೂರ ನಿಂತಿದ್ದ. ಅವನ ಕೈಯಲ್ಲಿ ಬಂಡಿಯ ಗೂಟವಿತ್ತು.

"ಮುದುಕನ್ನ ಹೊರಗ ಕಳಸ್ರಿ" ಎಂದ. ಕೂಗಲಿಲ್ಲ, ಮೆಲ್ಲಗೆ ಹೇಳಿದ. "ಇಲ್ಲಂದ್ರ ಎಲ್ಲಾರನೂ ಒಳಗ ಸುಡ್ತೀವಿ."

ನಾನು ಹಾರೆ ಎಳೆದುಕೊಂಡು ತೆವಳುತ್ತ ಒಳಗೆ ಬಂದು ಬಾಗಿಲು ದೂಡಿದೆ. ಹಾಕಲು ಚಿಲಕವಿಲ್ಲ. ನನಗೆ ಬಂದ ಸಿಟ್ಟು ಹೇಳತೀರದು.

"ಯಾವ ಹುಚ್ಚ ಕಿತ್ತಾನ ಮುತ್ಯಾ ಈ ಚಿಲಕ?"

ದೇವದಾನಪ್ಪ ಕಂದೀಲಿನ ಬತ್ತಿ ಇಳಿಸಿದ. ಒಬ್ಬ ಕೂಲಿಯ ಬಾಯಿ ಒರೆಸುತ್ತ, ನನ್ನ ಕಡೆ ನೋಡದೆ, ಹೇಳತೊಡಗಿದ.

"ಪಿಳೇಗು ಬಂದಿತ್ತು, ನಮ್ಮಪ್ಪ ಹುಡುಗ ಇದ್ದಾಗ. ಊರಿಗಿ ಊರ ಹೊಲದಾಗ ಗುಡಸಲ ಹಾಕ್ಕೊಂಡು ಕುಂತಿತ್ತು. ಇಲ್ಲಿ ಒಬ್ಬಾಕಿ ಬಿಳೀ ದೊರೆಸಾನಿ ಇದ್ಲು, ಡಾಕ್ಟರಮ್ಮ. ಬಗಲಾಗ ಗಂಟು ಎದ್ದವ್ರನ್ನ ಇಲ್ಲೇ ಮಲಗಸಿದ್ಲು, ಈಗ ನಿನ್ನ ಹೆಣ್ತಿ ಮಲಗಿದ ಜಾಗಾದಾಗ. ಬಾವಿಗಿ ಕೆಂಪು ಪುಡಿ ಹಾಕಸಿದ್ಲು. ನೀರ ಕೆಂಪಗ ಆತು. ಮಂದಿ ರಗತ ಅಂದ್ರು."

"ಆಮ್ಯಾಲ?"

"ಆಕಿ ಕೈಯಾಗ ಒಬ್ಬ ಕಾಂಪೌಂಡರ್ ಇದ್ದ, ಸಮುವೇಲಪ್ಪ ಅಂತ. ರಾತ್ರಿ ಒಳಗಿನವ್ರಿಗಿ ನೀರ ಬೇಕಾತು. ಕೊಡ ತೊಗೊಂಡು ಹೋದ. ಮಂದಿ ಬೆನ್ನ ಹತ್ತಿದ್ರು. ಓಡಿ ಬಂದು ಈ ಬಾಗಿಲ ಬಡದ. ಒಳಗಿನವ್ರು ಅಂಜಿ ಚಿಲಕ ಹಾಕಿದ್ರು, ತೆಗೀಲಿಲ್ಲ. ಮೆಟ್ಟಲ ಮ್ಯಾಲ ಅವನ ತಲಿ ಒಡದ್ರು."

ಅವನು ಆ ಕೂಲಿಯ ತಲೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

"ಚಿಲಕ ಹಾಕಿದಾವ ನಮ್ಮಪ್ಪ. ಮರದಿನ ದೊರೆಸಾನಿ ತನ್ನ ಕೈಲೇ ಅದನ್ನ ಕಿತ್ತಿ ಬಾವಿಗಿ ಒಗದ್ಲು. ಈ ಬಾಗಿಲಿಗಿ ಇನ್ನ ಚಿಲಕ ಇರಬಾರದು ಅಂದ್ಲು."

ನನಗೆ ಆ ಹೊತ್ತಿನಲ್ಲಿ ಸತ್ತವರ ಮೇಲೆ ಕನಿಕರ ಹುಟ್ಟಲಿಲ್ಲ. ಪ್ರಾರ್ಥನೆಗೆ ಕೂರುವ ಎರಡು ಉದ್ದನೆಯ ಬೆಂಚುಗಳನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟೆ. ಮುತ್ಯಾ ಬೇಡವೆಂದ. ನಾನು ಕೇಳಲಿಲ್ಲ.

"ನೀ ಯಾಕ ಓಡಿ ಹೋಗಲಿಲ್ಲ?" ಎಂದು ಕೇಳಿದೆ. "ನಿನ್ನ ಮಂದಿ ನಾಕು ಮನಿಯವ್ರು ಎಲ್ಲಿ?"

"ಹೋದ್ರು. ಹೋಗವ್ರು ಹೋಗ್ತಾರ. ಹಿಂದ ಯಾವ್ಯಾವ ದೇಶದಾಗ ಬ್ಯಾನಿ ಬಂದಾಗೂ ನಮ್ಮವ್ರಾಗ ಓಡಿದವ್ರು ಇದ್ರು, ಬಾಗಲ ಹಾಕ್ಕೊಂಡವ್ರು ಇದ್ರು. ಕುಂತವ್ರು ಕೆಲವ್ರ." ಅವನು ನಕ್ಕ. "ನಾ ಏನ್ ದೊಡ್ಡ ಭಕ್ತ ಅಲ್ಲ ತಮ್ಮಾ. ನಮ್ಮಪ್ಪ ಹಾಕಿದ ಚಿಲಕ ನನ್ನ ಇಲ್ಲಿ ಕುಂದರಸೇದ."

ರಾತ್ರಿ ಏರಿತು. ಒಳಗಿದ್ದ ಮಣ್ಣಿನ ಕೊಡದ ತಳದಲ್ಲಿದ್ದ ನೀರನ್ನು ಚಮಚದಲ್ಲಿ ಹಂಚಿದೆವು. ಅದೂ ಮುಗಿಯಿತು. ನಾಗಮ್ಮನ ತುಟಿ ಸೀಳಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಸಲಾಯಿನ್ ಬಾಟಲಿ ಖಾಲಿಯಾಗಿ ತೂಗುತ್ತಿತ್ತು. ಅವಳ ಕೈ ಹಿಡಿದರೆ ನಾಡಿ ಸಿಗುತ್ತಿರಲಿಲ್ಲ... ಹುಡುಕಬೇಕಿತ್ತು.

"ನಾ ಬಾವಿಗಿ ಹೋಗ್ತೀನಿ" ಎಂದೆ.

"ಕೊಲ್ತಾರ ನಿನ್ನ. ನೀ ಸತ್ರ ಆಕಿಗಿ ನೀರ ಕುಡಸವ್ರು ಯಾರು?"

ಅಷ್ಟರಲ್ಲಿ ಮೊದಲ ಕಲ್ಲು ಬಂತು. ಕಿಟಕಿಯ ಗಾಜು ಒಡೆದು ಮಲಗಿದ್ದವರ ಮೇಲೆ ಬಿತ್ತು. ಒಬ್ಬ ಹೆಂಗಸಿನ ಹಣೆ ಹರಿಯಿತು, ಅವಳಿಗೆ ಅಳಲೂ ಶಕ್ತಿಯಿರಲಿಲ್ಲ. ಹಿಂದೆಯೇ ಕಲ್ಲಿನ ಮೇಲೆ ಕಲ್ಲು. ನಾನು ನಾಗಮ್ಮನ ಮೇಲೆ ಬಗ್ಗಿ ಕೂತೆ, ಬೆನ್ನಿಗೆ ಎರಡು ಬಿದ್ದವು. ಸೀಮೆಎಣ್ಣೆಯ ವಾಸನೆ ಬಂತು. ಕಿಟಕಿಯಲ್ಲಿ ಒಂದು ಕೈ ಕಾಣಿಸಿತು, ಅದರಲ್ಲಿ ಉರಿಯುವ ಅರಿವೆ. ಹಾರೆ ಎತ್ತಿ ಆ ಕೈಯ ಮೇಲೆ ಬೀಸಿದೆ. ಎಲುಬು ಮುರಿದದ್ದು ನನ್ನ ಅಂಗೈಗೇ ತಿಳಿಯಿತು. ಹೊರಗೆ ಯಾರೋ ದನ ಕೂಗಿದ ಹಾಗೆ ಕೂಗಿದರು. ಅರಿವೆ ಒಳಗೇ ಬಿತ್ತು, ಮುತ್ಯಾ ಬರಿಗಾಲಿನಿಂದ ತುಳಿದು ಆರಿಸಿದ.

ಆಮೇಲೆ ಒಮ್ಮೆಲೇ ಎಲ್ಲ ನಿಂತಿತು.

ಆ ನಿಶ್ಶಬ್ದದಲ್ಲಿ ನನಗೆ ಒಂದು ವಾಸನೆ ಬಂತು. ಫಿನಾಯಿಲ್ ಅಲ್ಲ, ಬ್ಲೀಚಿಂಗ್ ಅಲ್ಲ... ಹಳೆಯ ದವಾಖಾನೆಯ ವಾಸನೆ. ನಮ್ಮಲ್ಲಿ ಅಂಥ ಔಷಧಿ ಯಾವುದೂ ಇರಲಿಲ್ಲ. ಮಲಗಿದ್ದವರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಕತ್ತು ಎತ್ತಲಾಗದವರು ಕಣ್ಣು ತಿರುಗಿಸಿದರು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು.

ಮಧ್ಯಾಹ್ನದಿಂದ ಮಾತಾಡದ ನಾಗಮ್ಮ ತುಟಿ ಬಿಚ್ಚಿದಳು.

"ಅವ ನೀರ ತರಾಕ ಹೋಗ್ಯಾನ್ರಿ."

"ಯಾರ?"

"ಬಿಳೀ ಟೊಪಗಿ ಹಾಕ್ಕೊಂಡಾವ. ಈಗಷ್ಟೇ ಇಲ್ಲೇ ನನ್ನ ತಲಿಗಿ ಕೈ ಇಟ್ಟಿದ್ದ."

ನಾನು ಮುತ್ಯಾನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟ.

ಆಗ ಕೇಳಿಸಿತು. ಬಯಲಿನಾಚೆ ಬಾವಿಯ ಗಡಗಡೆ ತಿರುಗುವ ಸಪ್ಪಳ. ಕಿರ್... ಕಿರ್... ಎಂದು ಹಗ್ಗ ಇಳಿಯಿತು. ಕೊಡ ನೀರಿಗೆ ಬಡಿಯಿತು. ಮತ್ತೆ ಹಗ್ಗ ಮೇಲೆ ಬಂತು, ಅವಸರವಿಲ್ಲದೆ.

ಹೊರಗೆ ಒಬ್ಬ, "ಬಾವಿಗಿ ಕೊಡ ಇಳಿಸ್ಯಾರ" ಎಂದ. ಅದರ ಹಿಂದೆ ಹತ್ತಾರು ಕಾಲುಗಳು ಬಾವಿಯ ಕಡೆ ಓಡಿದವು.

ನಾನು ಒಳಗಿದ್ದವರನ್ನು ಕಣ್ಣಲ್ಲೇ ಎಣಿಸಿದೆ. ಎಲ್ಲರೂ ಇದ್ದರು. ಮುತ್ಯಾ ನನ್ನ ಪಕ್ಕದಲ್ಲೇ ಇದ್ದ.

"ಯಾರ ಹೋಗ್ಯಾರ ಮುತ್ಯಾ?"

ಅವನು ಕಂದೀಲು ಎತ್ತಿಕೊಂಡು ಬಾಗಿಲ ಕಡೆ ನಡೆದ.

ಬರಿಗಾಲು ಓಡಿ ಬರುವ ಸಪ್ಪಳ ಕೇಳಿತು. ಜೊತೆಗೆ ತುಂಬಿದ ಕೊಡ ತುಳುಕುವ ಸಪ್ಪಳ. ಹಿಂದೆ ಗುಂಪು. ಮೊದಲ ಏಟು ಬಯಲ ನಡುವೆ ಬಿತ್ತು. ಹಸಿ ಮಣ್ಣಿಗೆ ಬಡಿದಂಥ ಶಬ್ದ. ಓಡುವವನು ಎಡವಿದ, ಎದ್ದ. ಎರಡನೆಯದು, ಮೂರನೆಯದು. ಒಂದು ಏಟು ತಾಮ್ರದ ಕೊಡಕ್ಕೆ ತಗುಲಿ ಠಣ್ ಎಂದಿತು. ಅವನು ಅಯ್ಯೋ ಎನ್ನಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು. ಆ ಉಸಿರು ಮೆಟ್ಟಿಲ ತನಕ ಬಂತು.

ಬಾಗಿಲು ಬಡಿದ.

ಮುಷ್ಟಿಯಿಂದಲ್ಲ, ಅಂಗೈಯಿಂದ. ಇನ್ನೊಂದು ಕೈಯಲ್ಲಿ ಕೊಡ ಇದೆ ಎಂದು ನನಗೆ ಹೇಗೋ ತಿಳಿಯಿತು. ಪಟ್... ಪಟ್... ನಡುವೆ ಒಂದು ಉಸಿರು. ಮತ್ತೆ ಪಟ್.

"ತೆಗೀರಿ. ನೀರ ತಂದೀನಿ."

ಮೆಲುದನಿ, ಮನೆಯವರನ್ನು ಎಬ್ಬಿಸುವಾಗ ಕರೆಯುವಂಥದ್ದು. ಅದರ ಮೇಲೆಯೇ ಏಟು ಬೀಳುತ್ತಿದ್ದವು. ಪ್ರತಿ ಏಟಿಗೂ ಬಾಗಿಲು ನಡುಗುತ್ತಿತ್ತು.

"ಬೆಂಚ ಸರಸು ತಮ್ಮಾ" ಎಂದ ಮುತ್ಯಾ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಕಾಲ ಹಿಡೀತೀನಿ, ಸರಸು."

"ತೆಗದ್ರ ಅವ್ರೆಲ್ಲಾ ಒಳಗ ಬರ್ತಾರ. ನನ್ನ ಹೆಣ್ತಿ ಅದಾಳ ಇಲ್ಲಿ."

"ಅವ ಹೊರಗ ಅದಾನ."

"ಯಾರ ಅವ?"

ಮುತ್ಯಾ ಬೆಂಚಿಗೆ ಕೈ ಹಾಕಿದ. ನಾನು ಅವನನ್ನು ಹಿಡಿದು ನೂಕಿದೆ. ಅವನು ಗೋಡೆಗೆ ಬಿದ್ದು, ಮತ್ತೆ ಎದ್ದು ಬಂದ. ಆ ಮುದುಕನ ಮೇಲೆ ಹಾರೆ ಎತ್ತುವ ಮಟ್ಟಕ್ಕೆ ಹೋಗಿದ್ದೆ. ಆಗ ಹಿಂದಿನಿಂದ ನಾಗಮ್ಮನ ದನಿ ಬಂತು.

"ತೆಗೀರಿ ಅವನಿಗಿ. ನನಗ ನೀರ ಬೇಕು."

ನನಗೆ ದೇವರು ನೆನಪಾಗಲಿಲ್ಲ, ಧರ್ಮ ನೆನಪಾಗಲಿಲ್ಲ. ಅವಳ ಬಾಯಿ ಒಣಗಿತ್ತು, ನೀರು ಬಾಗಿಲಾಚೆ ಇತ್ತು. ಅಷ್ಟೇ ನನ್ನ ಲೆಕ್ಕ. ಹಾರೆ ಬಿಸಾಡಿ ಎರಡೂ ಬೆಂಚು ಎಳೆದು ಕೆಡವಿದೆ. ಬಾಗಿಲು ತಾನಾಗಿ ಒಳಕ್ಕೆ ತೆರೆದುಕೊಂಡಿತು.

ಮೆಟ್ಟಿಲ ಮೇಲೆ ತಾಮ್ರದ ಕೊಡ ನಿಂತಿತ್ತು. ಕಂಠದವರೆಗೆ ನೀರು, ಇನ್ನೂ ತುಳುಕುತ್ತಿತ್ತು. ಅದರ ಸುತ್ತ ರಕ್ತ. ಚೂರುಪಾರಲ್ಲ, ಮೆಟ್ಟಿಲಿಂದ ಇಳಿದು ಮಣ್ಣಲ್ಲಿ ಇಂಗುತ್ತಿತ್ತು. ಬಾಗಿಲ ಮೇಲೆ ಅಂಗೈ ಗುರುತುಗಳಿದ್ದವು.

ಮನುಷ್ಯನಿರಲಿಲ್ಲ.

ಗುಂಪು ಅರ್ಧ ವರ್ತುಲವಾಗಿ ನಿಂತಿತ್ತು. ಎಲ್ಲರ ಮುಂದೆ ತಿಪ್ಪಣ್ಣ. ಅವನ ಗೂಟದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವನ ಅಂಗಿಗೆ, ಮುಖಕ್ಕೆ ಸಿಡಿದಿತ್ತು. ನನ್ನ ಮೇಲೆ ಬೀಳುತ್ತಾರೆ ಎಂದುಕೊಂಡೆ. ಯಾರೂ ಅಲುಗಲಿಲ್ಲ. ಎಲ್ಲರೂ ನನ್ನ ಕಾಲ ಬುಡ ನೋಡುತ್ತಿದ್ದರು.

"ಎಲ್ಲಿ ಹೋದ?" ಎಂದ ತಿಪ್ಪಣ್ಣ.

"ಯಾರ?"

"ಇಲ್ಲೇ ಬಿದ್ದಿದ್ದ. ತಲಿ ಒಡದೀನಿ ನಾ. ಇಲ್ಲೇ... ನಿನ್ನ ಕಾಲಾಗ ಬಿದ್ದಿದ್ದ."

ಹಿಂದಿದ್ದವರಲ್ಲಿ ಒಬ್ಬ ಕೋಲು ಕೆಳಗೆ ಹಾಕಿ ಓಡಿದ. ಆಮೇಲೆ ಇನ್ನೊಬ್ಬ. ನೋಡುನೋಡುತ್ತ ಬಯಲು ಖಾಲಿಯಾಯಿತು. ತಿಪ್ಪಣ್ಣ ಮಾತ್ರ ಮೊಣಕಾಲೂರಿ ಮೆಟ್ಟಿಲ ಸುತ್ತ ಕೈಯಾಡಿಸಿ ಹುಡುಕುತ್ತಿದ್ದ. ರಕ್ತ ಮುಟ್ಟಿ ಮೂಸಿ ನೋಡುತ್ತಿದ್ದ. ಮುತ್ಯಾ ಹೊರಗೆ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಒಳಗ ಬಾ ತಿಪ್ಪಣ್ಣಾ. ಮಂದಿಗಿ ನೀರ ಕುಡಸೂದು ಅದ."

ಅವನು ಬಂದ. ಆ ರಾತ್ರಿ ಅವನ ಆ ಕೈಯಲ್ಲೇ ಎಷ್ಟು ಜನ ನೀರು ಕುಡಿದರೋ. ನಾನು ಕೊಡ ಬಗ್ಗಿಸಿ ಬಗ್ಗಿಸಿ ಲೋಟ ತುಂಬಿದೆ. ಉಪ್ಪು, ಸಕ್ಕರೆ ಕಲಸಿದೆ. ನಾಗಮ್ಮ ಮೊದಲ ಗುಟುಕು ಕಾರಿದಳು, ಎರಡನೆಯದು ನಿಂತಿತು. ಬೆಳಕು ಹರಿಯುವ ಹೊತ್ತಿಗೆ ಅವಳ ನಾಡಿ ನನ್ನ ಬೆರಳಿಗೆ ತಾನಾಗಿ ಸಿಕ್ಕಿತು. ನಾನು ಗೋಡೆಗೆ ಮುಖ ಮಾಡಿ ಅತ್ತೆ, ಅದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ಜೀಪು ಬಂತು. ಡಾಕ್ಟರು ಮೆಟ್ಟಿಲ ರಕ್ತ ನೋಡಿ ಯಾರದು ಎಂದರು. ನಾವು ಹೇಳಲಿಲ್ಲ. ಊರವರು ಪೊದೆ, ಹಳ್ಳ, ಕಾಲುವೆಯ ಗುಂಡಿ ಎಲ್ಲ ಹುಡುಕಿದರು. ಊರಲ್ಲಿ, ಶೆಡ್ಡುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಮುರಿದ ಕೈಯವನು ಸಿಕ್ಕ. ಹೆಣ ಮಾತ್ರ ಸಿಗಲಿಲ್ಲ.

ಖಾಲಿಯಾದ ಕೊಡವನ್ನು ಬಿಸಿಲಿಗೆ ಎತ್ತಿ ಹಿಡಿದೆ. ಏಟಿಗೆ ತಳದ ಬೆಸುಗೆ ಬಿಟ್ಟು ಬಾಯ್ದೆರೆದಿತ್ತು, ನನ್ನ ಮೂರು ಬೆರಳು ಅದರಲ್ಲಿ ಸಲೀಸಾಗಿ ಹಿಡಿಸಿದವು. ಆ ಕೊಡದಿಂದ ರಾತ್ರಿಯೆಲ್ಲ ನೀರು ಬಗ್ಗಿಸಿದವನು ನಾನೇ. ಕೆಳಗಿನ ನೆಲ ಒಣಗಿತ್ತು.

ಮುತ್ಯಾ ಮೆಟ್ಟಿಲು ತೊಳೆಯುತ್ತಿದ್ದ. ನಾನು ಪಕ್ಕದಲ್ಲಿ ಕುಕ್ಕರಿಸಿದೆ.

"ಸಮುವೇಲಪ್ಪನೇ ಏನು?"

"ನಮ್ಮಪ್ಪ ಮುದುಕ ಆದಾಗ ಕಾಲರಾ ಬಂದಿತ್ತು. ಆಗೂ ಹಿಂಗ ಬಂದು ಬಡದಿದ್ದ. ನಮ್ಮಪ್ಪ ಓಡಿ ಹೋಗಿ ತೆಗದ. ಕೊಡ ಇತ್ತು, ರಗತ ಇತ್ತು, ಅವ ಇದ್ದಿಲ್ಲ." ನೀರು ಸುರಿದು ಉಜ್ಜಿದ. "ಬ್ಯಾನಿ ಬಂದಾಗೆಲ್ಲಾ ಅವ ನೀರಿಗಿ ಹೋಗ್ತಾನ. ಮಂದಿ ಹೊಡೀತಾರ. ಒಳಗಿನವ್ರಿಗಿ ಬೀಳೂ ಏಟ ಅವ ತಿಂತಾನ."

"ಬಾಗಲ ತೆಗೀಲಿಲ್ಲ ಅಂದ್ರ?"

ಮುತ್ಯಾ ಕೈ ನಿಲ್ಲಿಸಿದ.

"ಆ ಮಾತ ಆಡಬ್ಯಾಡ" ಎಂದ.

ಕಾಲುವೆಗೆ ನೀರು ಬಂತು, ಊರು ಹಸಿರಾಯಿತು, ಭತ್ತ ಬಂತು. ನಾನು ಶಹಾಪುರದಲ್ಲಿ ಮನೆ ಕಟ್ಟಿದೆ. ತಿಪ್ಪಣ್ಣ ಬದುಕಿರುವ ತನಕ ಗಿರ್ಜಾದ ಡ್ರಮ್ಮಿಗೆ ದಿನಾ ನೀರು ತುಂಬುತ್ತಿದ್ದ. ಒಳಗೆ ಹೋಗುತ್ತಿರಲಿಲ್ಲ, ಮೆಟ್ಟಿಲು ತುಳಿಯುತ್ತಿರಲಿಲ್ಲ. ಅವನೂ ಹೋದ, ಮುತ್ಯಾನೂ ಹೋದ. ಆಮೇಲೆ ಗಿರ್ಜಾ ರಿಪೇರಿಯಾಯಿತೆಂದು ಕೇಳಿದೆ. ಹೊಸ ಬಣ್ಣ, ಹೊಸ ಟೈಲ್ಸು... ಗೆದ್ದಲು ಹಿಡಿದ ಹಳೆಯ ಬಾಗಿಲು ತೆಗೆದು ಕಬ್ಬಿಣದ್ದು ಹಾಕಿದರಂತೆ. ಅದಕ್ಕೆ ಚಿಲಕವೂ ಇದೆಯಂತೆ. ಯಾರಿಗೆ ಹೇಳಲಿ, ಏನೆಂದು ಹೇಳಲಿ? ಸುಮ್ಮನಿದ್ದೆ.

ಕೊರೋನಾ ಬಂತು. ನಮ್ಮ ಕಡೆಯ ಊರುಗಳು ದಾರಿಗೆ ಜಾಲಿಮುಳ್ಳು ಹಾಕಿಕೊಂಡು ಕೂತವು. ಮುಂಬೈಗೆ ದುಡಿಯಲು ಹೋದವರು ತಿರುಗಿ ಬಂದರೆ ಸ್ವಂತ ಅಣ್ಣತಮ್ಮಂದಿರೇ ಬಡಿಗೆ ಹಿಡಿದು ನಿಂತರು.

ಒಂದು ರಾತ್ರಿ ಫೋನ್ ಬಂತು. ತಿಪ್ಪಣ್ಣನ ಮೊಮ್ಮಗ ಶರಣು. ನಾನೆಂದರೆ ಅವನಿಗೆ ಸಲಿಗೆ, ಅವನ ಬಾಯಲ್ಲಿ ಈಗ ನಾನೇ ಮುತ್ಯಾ.

"ಮುತ್ಯಾ, ಯಾರಿಗೂ ಹೇಳಬ್ಯಾಡ್ರಿ. ಒಂದ ತಪ್ಪ ಆಗೇದ." ದನಿ ಒಡೆದಿತ್ತು. "ಮುಂಬೈದಿಂದ ಬಂದವ್ರನ್ನ ಗಿರ್ಜಾದಾಗ ಇಟ್ಟಿದ್ದಿವಿ. ಈಗ ಬೋರಿನ ಹತ್ರ ಒಬ್ಬಾವ ಕೊಡ ತುಂಬ್ಕೊಂಡು ಹೊಂಟಿದ್ದ. ಅವ್ರಾಗಿನವ ಹೊರಗ ಬಂದಾನ ಅಂತ ಹೊಡದಿವಿ. ಭಾಳ ಹೊಡದಿವಿ ಮುತ್ಯಾ. ಸತ್ತಾನ. ಆದ್ರ ಹೆಣ ಸಿಗವಲ್ದು."

ನಾನು ಹಾಸಿಗೆಯಲ್ಲಿ ಎದ್ದು ಕೂತೆ.

"ಬಾಗಲ ತೆಗದ್ರೇನು?"

"ಯಾವ ಬಾಗಲ?"

"ಗಿರ್ಜಾದ್ದು ಶರಣೂ. ಅವ ಬಡದಾಗ ತೆಗದ್ರೇನು?"

ಬಾಗಿಲು ಬಡಿದದ್ದು ನನಗೆ ಹೇಗೆ ಗೊತ್ತು ಎಂದು ಶರಣು ಕೇಳಲಿಲ್ಲ.

"ಹೊರಗಿಂದ ಕೀಲಿ ಹಾಕೀವಿ ಮುತ್ಯಾ. ಕೀಲಿಕೈ ಇಟ್ಕೊಂಡಾವ ಹೊಲದ ಮನ್ಯಾಗ ಅದಾನ. ಹೆಣ ಇಲ್ಲ... ಆದ್ರ ಇನ್ನಾ ಬಡಿಯಾಕತ್ತಾನ. ಕೇಳ್ರಿ."

ಅವನು ಫೋನನ್ನು ಆ ಕಡೆ ಹಿಡಿದ. ನಾನು ಕೇಳಿದೆ. ಕಬ್ಬಿಣದ ತಗಡಿನ ಮೇಲೆ ಅಂಗೈ. ಒಂದು ಉಸಿರಿನ ಬಿಡುವು. ಮತ್ತೆ ಅಂಗೈ.

ಪಕ್ಕದಲ್ಲಿ ಮಲಗಿದ್ದ ನಾಗಮ್ಮ ಎದ್ದು ಕೂತಿದ್ದಳು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ.

"ತೆಗೀ ಅಂತ ಹೇಳ್ರಿ ಅವನಿಗಿ" ಎಂದಳು.

ಹೇಳಿದೆ. ಬೈದೆ, ಬೇಡಿಕೊಂಡೆ, ಕೀಲಿ ಒಡೆ ಎಂದೆ. ಶರಣುಗೆ ಆ ಮೆಟ್ಟಿಲ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಬೆಳಿಗ್ಗೆ ತೆಗೆದರು. ಮೆಟ್ಟಿಲ ಮೇಲೆ ಬಿದ್ದ ಕೊಡ, ಸುರಿದು ಒಣಗಿದ ನೀರಿನ ಗುರುತು. ಒಳಗೆ ಇಟ್ಟಿದ್ದ ನೀರು ಹಿಂದಿನ ದಿನವೇ ಮುಗಿದಿತ್ತಂತೆ. ಜ್ವರದಲ್ಲಿದ್ದ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಒರಗಿ ಕೂತಲ್ಲೇ ಹೋಗಿದ್ದಳು. ಬಾಯಿ ತೆರೆದಿತ್ತು. ನಾಗಮ್ಮನಿಗೆ ಆಗ ಇದ್ದಷ್ಟೇ ವಯಸ್ಸು ಎಂದು ಶರಣು ಹೇಳಿದ.

ಆ ದಿನದಿಂದ ರಾತ್ರಿ ನಮ್ಮ ಮನೆಯ ಮುಂಬಾಗಿಲಿಗೆ ಚಿಲಕ ಹಾಕಲು ನಾಗಮ್ಮ ಬಿಡುವುದಿಲ್ಲ. ಶಹಾಪುರ ಈಗ ಮೊದಲಿನಂತಿಲ್ಲ, ಕಳ್ಳರ ಕಾಟ ಇದೆ ಎಂದು ಬಹಳ ದಿನ ಜಗಳವಾಡಿದೆ. ಈಗ ಆಡುವುದಿಲ್ಲ. ನಡುರಾತ್ರಿ ಎಚ್ಚರವಾದರೆ ನಾನೇ ಎದ್ದು ಹೋಗಿ ಬಾಗಿಲು ಮುಟ್ಟಿ ನೋಡುತ್ತೇನೆ. ಯಾರಾದರೂ ಮರೆತು ಚಿಲಕ ಹಾಕಿದ್ದಾರೆಯೇ ಎಂದು.